ಬೆನ್ನಿನ ಮೇಲೆ ನಮ್ಮ ಕೈಗೆ ಸಿಗದ ಬಿಂದು: ಹಳೇ ಸುಸ್ತಿಗೆ ಗಾವ್‌ಹ್ವಾಂಗ್ ಒತ್ತುವುದು ಹೇಗೆ

ಸ್ನಾನ ಮಾಡುವಾಗ "ಸ್ವಲ್ಪ ಬೆನ್ನು ಉಜ್ಜಿ ಕೊಡು ಬಾ" ಅಂತ ಮನೆಯವರನ್ನು ಕರೆಯುತ್ತೇವಲ್ಲ, ಆ ಜಾಗ ನೆನಪು ಮಾಡಿಕೊಳ್ಳಿ. ಕೈಯನ್ನು ಹೆಗಲ ಮೇಲಿಂದ ಹಾಕಿದರೂ, ಸೊಂಟದ ಕಡೆಯಿಂದ ಮೇಲಕ್ಕೆ ತಂದರೂ ಸರಿಯಾಗಿ ಎಟುಕುವುದಿಲ್ಲ. ಕಷ್ಟಪಟ್ಟರೆ ಬೆರಳ ತುದಿ ತಾಗಬಹುದು, ಆದರೆ ಒತ್ತುವ ಬಲ ಬರುವುದಿಲ್ಲ. ಬೆನ್ನುಮೂಳೆಗೂ ರೆಕ್ಕೆ ಮೂಳೆಗೂ ನಡುವೆ ಇರುವ ಆ ಜಾಗದಲ್ಲೇ ನಾನು ಇವತ್ತು ಹೇಳಲಿರುವ ಬಿಂದು ಇದೆ. ಚೀನಾದಲ್ಲಿ ಅದನ್ನು ಗಾವ್‌ಹ್ವಾಂಗ್ ಅಂತಾರೆ. ನಮ್ಮಲ್ಲಿ ಆಕ್ಯುಪಂಕ್ಚರ್ ಮಾಡುವವರು ಬರೀ ನಂಬರಲ್ಲಿ ಯುಬಿ 43 ಅಥವಾ ಬಿಎಲ್ 43 ಅಂತಾರೆ. ಕೆಲವು ಹಳೆಯ ಪುಸ್ತಕಗಳಲ್ಲಿ ಇದಕ್ಕೇ 38 ಅನ್ನುವ ನಂಬರ್ ಇರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ.

ತಿಂಗಳುಗಟ್ಟಲೆ ಬಿಡದ ಸುಸ್ತು, ದೊಡ್ಡ ಕಾಯಿಲೆಯಿಂದ ಎದ್ದ ಮೇಲೂ ಬಾರದ ಶಕ್ತಿ, ಹಳೇ ಕೆಮ್ಮು, ಸೊರಗಿದ ಮೈ, ಇವಕ್ಕೆಲ್ಲ ಚೀನಾದ ವೈದ್ಯರು ನೂರಾರು ವರ್ಷಗಳಿಂದ ಬಳಸುತ್ತಾ ಬಂದ ಬಿಂದು ಇದು. ನಾನು ಇದನ್ನು ಕಲಿತದ್ದು ನಮ್ಮ ಅತ್ತೆಗಾಗಿ. ಡೆಂಗಿ ಬಂದು ಹೋಗಿ ಮೂರು ತಿಂಗಳಾದರೂ ಅವರಿಗೆ ಅಡುಗೆಮನೆಯಲ್ಲಿ ಹತ್ತು ನಿಮಿಷ ನಿಲ್ಲಲು ಆಗುತ್ತಿರಲಿಲ್ಲ. ಒಂದು ಕೈಯಲ್ಲಿ ಕಟ್ಟೆ ಹಿಡಿದುಕೊಂಡೇ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಆ ದಿನಗಳಲ್ಲಿ ಕಲಿತದ್ದು, ಆಮೇಲೆ ಓದಿ ಕೇಳಿ ತಿಳಿದದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಈ ಹೆಸರಿನ ಕಥೆ. ಇದು ಗೊತ್ತಿದ್ದರೆ ಬಿಂದುವಿನ ಮೇಲೆ ಕೈ ಇಡುವ ರೀತಿಯೇ ಬದಲಾಗುತ್ತದೆ.

ಕ್ರಿಸ್ತಪೂರ್ವ 581ರ ಮಾತು. ಚೀನಾದ ಜಿನ್ ರಾಜ್ಯದ ದೊರೆ ಜಿಂಗ್ ಕಾಯಿಲೆ ಬಿದ್ದ. ಪಕ್ಕದ ಚಿನ್ ರಾಜ್ಯದಿಂದ ಹ್ವಾನ್ ಅನ್ನುವ ವೈದ್ಯನನ್ನು ಕರೆಸಿದರು. ವೈದ್ಯ ಬರುವ ಮೊದಲೇ ದೊರೆಗೆ ಒಂದು ಕನಸು ಬಿತ್ತಂತೆ. ರೋಗವೇ ಇಬ್ಬರು ಹುಡುಗರ ರೂಪದಲ್ಲಿ ಮಾತಾಡಿಕೊಳ್ಳುತ್ತಿದೆ. ಬರುತ್ತಿರುವವನು ಒಳ್ಳೇ ವೈದ್ಯ, ನಮ್ಮನ್ನು ಬಿಡುವುದಿಲ್ಲ, ಎಲ್ಲಿಗೆ ಓಡೋಣ ಅಂತ ಒಬ್ಬ ಕೇಳಿದ. ಹ್ವಾಂಗ್‌ನ ಮೇಲೆ, ಗಾವ್‌ನ ಕೆಳಗೆ ಅಡಗಿಕೊಂಡರೆ ಅವನೇನು ಮಾಡಿಯಾನು ಅಂತ ಇನ್ನೊಬ್ಬ ಅಂದ. ಗಾವ್ ಅಂದರೆ ಹೃದಯದ ತುದಿಯ ಕೆಳಗಿನ ಕೊಬ್ಬು, ಹ್ವಾಂಗ್ ಅಂದರೆ ಹೃದಯಕ್ಕೂ ವಪೆಗೂ (ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ಸ್ನಾಯು) ಮಧ್ಯದ ಜಾಗ. ವೈದ್ಯ ಬಂದು ನೋಡಿ ಅದನ್ನೇ ಹೇಳಿದ: ರೋಗ ಅಲ್ಲಿ ಕೂತಿದೆ, ಅಲ್ಲಿಗೆ ಶಾಖ ಮುಟ್ಟುವುದಿಲ್ಲ, ಸೂಜಿ ಎಟುಕುವುದಿಲ್ಲ, ಔಷಧಿ ತಲುಪುವುದಿಲ್ಲ. ದೊರೆ ಆ ವೈದ್ಯನಿಗೆ ಮರ್ಯಾದೆ ಮಾಡಿ ಕಳಿಸಿಕೊಟ್ಟ. ಅದೇ ವರ್ಷ ಸತ್ತ. ಇವತ್ತಿಗೂ ಕಾಯಿಲೆ ಕೈಮೀರಿ ಹೋಯಿತು ಅನ್ನುವುದಕ್ಕೆ ಚೀನೀ ಭಾಷೆಯಲ್ಲಿ ರೋಗ ಗಾವ್‌ಹ್ವಾಂಗ್ ಹೊಕ್ಕಿತು ಅಂತಲೇ ಹೇಳುತ್ತಾರೆ.

ಇದಾಗಿ ಸಾವಿರದ ಇನ್ನೂರು ವರ್ಷಕ್ಕೆ, ತಾಂಗ್ ರಾಜರ ಕಾಲದಲ್ಲಿ, ಸುನ್ ಸಿಮಿಯಾವೊ ಅನ್ನುವ ದೊಡ್ಡ ವೈದ್ಯ ಬಂದ. ಅವನು ಕ್ರಿಸ್ತಶಕ 650ರ ಆಸುಪಾಸಿನಲ್ಲಿ ಬರೆದ ಗ್ರಂಥದಲ್ಲಿ ಈ ಮಾತನ್ನು ಒಪ್ಪಲಿಲ್ಲ. ಆ ಜಾಗವನ್ನು ಮುಟ್ಟಲು ಬೆನ್ನಿನ ಮೇಲೆ ಒಂದು ಬಿಂದು ಇದೆ, ಹಿಂದಿನವರಿಗೆ ಅದನ್ನು ಹುಡುಕುವ ಚಾಕಚಕ್ಯತೆ ಇರಲಿಲ್ಲ, ಅದಕ್ಕೇ ರೋಗವನ್ನು ಓಡಿಸಲಾಗಲಿಲ್ಲ ಅಂತ ಬರೆದ. ಸೊರಗಿದವರಿಗೆ, ನಿಶ್ಶಕ್ತರಿಗೆ ಇದು ಬಹಳ ಒಳ್ಳೆಯದು ಅಂದ. ನನಗೆ ಈ ಭಾಗ ತುಂಬಾ ಇಷ್ಟ. ಕೈಗೆ ಸಿಗದು ಅಂತ ಬಿಟ್ಟ ಜಾಗವನ್ನು ಇನ್ನೊಬ್ಬ ಹಠ ಹಿಡಿದು ಹುಡುಕಿದ್ದಾನೆ.

ಸರಿ, ಈಗ ನಮ್ಮ ಕೆಲಸಕ್ಕೆ ಬರೋಣ.

ಮೊದಲ ಹೆಜ್ಜೆ: ಬೆನ್ನು ಮುಟ್ಟುವ ಮೊದಲು ರಕ್ತ ಪರೀಕ್ಷೆ

ಇದನ್ನು ಹಾರಿಸಿ ಮುಂದಕ್ಕೆ ಹೋಗಬೇಡಿ, ದಯವಿಟ್ಟು. ಸುಸ್ತು ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಅದರ ಹಿಂದೆ ರಕ್ತಹೀನತೆ ಇರಬಹುದು, ಥೈರಾಯ್ಡ್ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಬಿ 12 ಕೊರತೆ ಇರಬಹುದು, ಕ್ಷಯ ಇರಬಹುದು, ಹೃದಯದ ತೊಂದರೆ ಇರಬಹುದು, ಮನಸ್ಸಿನ ಬೇನೆಯೂ ಇರಬಹುದು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಅಂದರೆ ನಿಮ್ಮ ಮನೆಯಲ್ಲಿ ಸುಸ್ತು ಅನ್ನುವ ಹೆಂಗಸಿದ್ದರೆ ಮೊದಲ ಅನುಮಾನ ಅಲ್ಲೇ ಹೋಗಬೇಕು. ಹಿಮೋಗ್ಲೋಬಿನ್ ಗರ್ಭಿಣಿಯಲ್ಲದ ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತು ಬರುವ ಸಣ್ಣ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಇವು ಸುಸ್ತಿನ ಜೊತೆ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಅಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.

ನಮ್ಮ ಅತ್ತೆಯ ವಿಷಯದಲ್ಲಿ ಆದದ್ದೂ ಇದೇ. ಡೆಂಗಿ ನಂತರದ ಸುಸ್ತು, ಹೋಗುತ್ತೆ ಬಿಡಿ ಅಂತ ಒಂದು ಕ್ಲಿನಿಕ್‌ನಲ್ಲಿ ಎರಡು ಸಲ ಗ್ಲೂಕೋಸ್ ಬಾಟಲಿ ಹಾಕಿ, ಒಂದು ಟಾನಿಕ್ ಬರೆದು ಕಳಿಸಿದರು. ಯಾರೂ ರಕ್ತ ನೋಡಲಿಲ್ಲ. ನಾವೂ ಕೇಳಲಿಲ್ಲ. ಮೂರನೇ ತಿಂಗಳು ಬೇರೆ ಡಾಕ್ಟರ ಹತ್ತಿರ ಹೋದಾಗ ಅವರು ಅತ್ತೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಆಮೇಲೆ ಉಗುರು ನೋಡಿ, ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 8.9 ಇತ್ತು. ಬಿ 12 ಕೂಡ ಕಡಿಮೆ. ಕಬ್ಬಿಣದ ಮಾತ್ರೆ, ಬಿ 12 ಇಂಜೆಕ್ಷನ್ ಶುರುವಾದ ಮೇಲೆಯೇ ನಿಜವಾದ ಚೇತರಿಕೆ ಶುರುವಾಗಿದ್ದು. ಮಾತ್ರೆಯನ್ನು ಕಾಫಿ, ಟೀ ಜೊತೆ ತೆಗೆದುಕೊಳ್ಳಬಾರದು, ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ ಅಂತ ಅದೇ ಡಾಕ್ಟರು ಹೇಳಿಕೊಟ್ಟರು. ಒಂದು ಗಂಟೆಯಾದರೂ ಅಂತರ ಇರಲಿ. ಎರಡು ಹೊತ್ತು ಲೋಟದ ತುಂಬಾ ಕಾಫಿ ಕುಡಿಯುವ ನಮ್ಮ ಮನೆಯಲ್ಲಿ ಅದು ದೊಡ್ಡ ಬದಲಾವಣೆ.

ಹಾಗಾದರೆ ಬಿಂದು ಒತ್ತಿದ್ದು ಯಾಕೆ? ಮಾತ್ರೆ ಕೆಲಸ ಮಾಡಲು ವಾರಗಳು ಬೇಕು. ಅಷ್ಟು ದಿನ ಅವರ ಬೆನ್ನು ಹಲಗೆಯ ಹಾಗೆ ಬಿಗಿದಿತ್ತು, ರಾತ್ರಿ ನಿದ್ದೆ ಇಲ್ಲ, ಉಸಿರು ಮೇಲೆ ಮೇಲೇ ಆಡುತ್ತಿತ್ತು. ಅದಕ್ಕೆ ಈ ಬಿಂದು ಬಹಳ ಹಿತ ಕೊಟ್ಟಿತು. ಒತ್ತಿದ ಮೇಲೆ ಅವರು ದೀರ್ಘವಾಗಿ ಉಸಿರು ಬಿಡುತ್ತಿದ್ದದ್ದು, ಬೇಗ ನಿದ್ದೆ ಹೋಗುತ್ತಿದ್ದದ್ದು ನಾನು ಕಣ್ಣಾರೆ ಕಂಡದ್ದು. ಈ ಒಂದು ಬಿಂದು ಒತ್ತಿದರೆ ರಕ್ತ ಹೆಚ್ಚುತ್ತದೆ, ಥೈರಾಯ್ಡ್ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಳೇ ಬೆನ್ನುನೋವು, ಕುತ್ತಿಗೆ ನೋವಿಗೆ ಆಕ್ಯುಪಂಕ್ಚರ್ ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತದೆ ಅನ್ನುವುದಕ್ಕೆ ಸಾಕಷ್ಟು ಅಧ್ಯಯನಗಳಿವೆ. ನಿಶ್ಶಕ್ತಿಗೆ ಅಷ್ಟು ಗಟ್ಟಿ ಆಧಾರ ಇಲ್ಲ. ಮಾತ್ರೆ ಜೊತೆಗೆ ಇದು, ಮಾತ್ರೆ ಬದಲಿಗೆ ಇದಲ್ಲ.

ಎರಡನೇ ಹೆಜ್ಜೆ: ಬಿಂದು ಹುಡುಕುವುದು

ಪುಸ್ತಕದ ಲೆಕ್ಕ ಹೀಗಿದೆ. ಎದೆಯ ಭಾಗದ ನಾಲ್ಕನೇ ಬೆನ್ನೆಲುಬಿನ ಗಂಟಿನ ಕೆಳ ಅಂಚಿನಿಂದ ಪಕ್ಕಕ್ಕೆ ಮೂರು ತ್ಸುನ್. ಎಡಕ್ಕೊಂದು, ಬಲಕ್ಕೊಂದು, ಒಟ್ಟು ಎರಡು ಬಿಂದು. ತ್ಸುನ್ ಅಂದರೆ ಸ್ಕೇಲಿನ ಇಂಚಲ್ಲ, ಆಯಾ ಮನುಷ್ಯನ ಮೈಯದೇ ಅಳತೆ. ಕೈ ಇಳಿಬಿಟ್ಟು ಕೂತಾಗ ಬೆನ್ನಿನ ನಡುಗೆರೆಯಿಂದ ರೆಕ್ಕೆ ಮೂಳೆಯ ಒಳ ಅಂಚಿನವರೆಗೆ ಇರುವ ದೂರವೇ ಮೂರು ತ್ಸುನ್. ದಪ್ಪ ಇದ್ದವರಿಗೂ ಸಣ್ಣ ಇದ್ದವರಿಗೂ ಅವರವರ ಬೆನ್ನೇ ಅಳತೆಗೋಲು.

ಈಗ ಬೆರಳಿನಲ್ಲಿ ಹುಡುಕೋಣ. ಅವರನ್ನು ಕುರ್ಚಿಯ ಮೇಲೆ ತಿರುಗಿಸಿ ಕೂರಿಸಿ, ಎದೆ ಕುರ್ಚಿಯ ಬೆನ್ನಿಗೆ ಒರಗುವ ಹಾಗೆ. ಮಧ್ಯೆ ಒಂದು ದಿಂಬು ಇಡಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಲು ಹೇಳಿ. ಕತ್ತಿನ ಬುಡದಲ್ಲಿ ಒಂದು ಮೂಳೆ ಎದ್ದು ಕಾಣುತ್ತದೆ, ಅದು ಕತ್ತಿನ ಏಳನೇ ಮೂಳೆ. ಕೆಲವರಲ್ಲಿ ಎರಡು ಗಂಟು ಒಂದೇ ಸಮ ಎದ್ದಿರುತ್ತವೆ, ಆಗ ಗೊಂದಲ ಬೇಡ: ಎರಡರ ಮೇಲೂ ಬೆರಳಿಟ್ಟು ನಿಧಾನವಾಗಿ ಎಡಕ್ಕೆ ಬಲಕ್ಕೆ ಕತ್ತು ತಿರುಗಿಸಿ ಅನ್ನಿ, ಬೆರಳಿನ ಕೆಳಗೆ ಅಲುಗುವುದು ಕತ್ತಿನದು, ಹೆಚ್ಚುಕಮ್ಮಿ ಅಲುಗದೆ ನಿಲ್ಲುವುದು ಎದೆಯ ಮೊದಲನೆಯದು. ಅಲ್ಲಿಂದ ಕೆಳಗೆ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಸರಿ ಬಂತೇ ಅಂತ ನೋಡಲು ಒಂದು ಉಪಾಯ ಇದೆ. ಕೈ ಇಳಿಬಿಟ್ಟಾಗ ರೆಕ್ಕೆ ಮೂಳೆಯ ಮೇಲೆ ಅಡ್ಡಕ್ಕೆ ಒಂದು ಏಣು ಕೈಗೆ ಸಿಗುತ್ತದೆ. ಆ ಏಣು ಬೆನ್ನುಮೂಳೆಯ ಕಡೆ ಮುಗಿಯುವ ಜಾಗ ಮೂರನೇ ಗಂಟಿನ ಮಟ್ಟಕ್ಕಿರುತ್ತದೆ. ರೆಕ್ಕೆಯ ಕೆಳ ತುದಿ ಏಳನೇ ಗಂಟಿನ ಮಟ್ಟಕ್ಕೆ. ನಾಲ್ಕನೆಯದು ಏಣಿಗಿಂತ ಒಂದು ಗಂಟು ಕೆಳಗೆ ಅಷ್ಟೇ.

ಇಲ್ಲಿ ಒಂದು ತೊಡಕಿದೆ. ಕೈ ಸುಮ್ನೆ ಇಳಿಬಿಟ್ಟಿದ್ದರೆ ಬಿಂದು ರೆಕ್ಕೆಯ ಅಂಚಿಗೇ ಅಂಟಿಕೊಂಡಿರುತ್ತದೆ, ಬೆರಳು ಇಳಿಯುವುದಿಲ್ಲ. ಹಾಗಾಗಿ ರೆಕ್ಕೆಗಳನ್ನು ಬಿಡಿಸಬೇಕು. ಸುನ್ ಸಿಮಿಯಾವೊ ಇದಕ್ಕಂತಲೇ ಎಷ್ಟು ಬಿಡಿಸಿ ಬರೆದಿದ್ದಾನೆ ನೋಡಿ: ರೋಗಿ ನೆಟ್ಟಗೆ ಕೂತು ಬೆನ್ನು ಬಾಗಿಸಬೇಕು, ಎರಡೂ ಕೈ ಮುಂದೆ ಚಾಚಿ ಮೊಣಕಾಲಿನ ಮುಂದೆ ಇಡಬೇಕು, ಹೆಬ್ಬೆರಳು ಮಂಡಿಗೆ ಸಮ ಬರಬೇಕು, ಮೊಣಕೈ ಅಲುಗದ ಹಾಗೆ ಅಡಿಗೆ ಏನಾದರೂ ಒತ್ತು ಕೊಡಬೇಕು. ಹಾಗೆ ಕೂತಾಗ ರೆಕ್ಕೆಯ ಒಳಗಡೆ ಪಕ್ಕೆಲುಬುಗಳ ನಡುವೆ ಒಂದು ತಗ್ಗು ಸಿಗುತ್ತದೆ, ರೆಕ್ಕೆಯ ಅಂಚಿನಿಂದ ಒಂದು ಬೆರಳು ಓರೆಯಾಗಿ ಹಿಡಿಸುವಷ್ಟು ದೂರದಲ್ಲಿ. ನಾವು ಮನೆಯಲ್ಲಿ ಇಷ್ಟೆಲ್ಲ ಮಾಡಬೇಕಿಲ್ಲ. ಎಡಗೈ ಬಲ ಹೆಗಲಿಗೆ, ಬಲಗೈ ಎಡ ಹೆಗಲಿಗೆ ಹಾಕಿ ತಮ್ಮನ್ನು ತಾವೇ ತಬ್ಬಿಕೊಳ್ಳಲಿ. ಚಳಿಯಾದಾಗ ಮುದುಡಿಕೊಳ್ಳುತ್ತೇವಲ್ಲ, ಹಾಗೆ. ರೆಕ್ಕೆಗಳು ಪಕ್ಕಕ್ಕೆ ಸರಿದು ಬಿಂದು ತೆರೆದುಕೊಳ್ಳುತ್ತದೆ.

ಈಗ ಹೆಬ್ಬೆರಳಿನಿಂದ ಆ ತಗ್ಗಿನಲ್ಲಿ ಮೆಲ್ಲಗೆ ಹುಡುಕಿ. ಸುಸ್ತಾದವರಲ್ಲಿ, ಕಂಪ್ಯೂಟರ್ ಮುಂದೆ ಕೂರುವವರಲ್ಲಿ, ಬಗ್ಗಿ ಬಟ್ಟೆ ಹೊಲಿಯುವವರಲ್ಲಿ, ಅಲ್ಲಿ ಕಡಲೆಕಾಳಿನಷ್ಟು ಅಥವಾ ಹುರಿ ಹೊಸೆದ ಹಾಗೆ ಗಂಟು ಸಿಗುವುದು ಜಾಸ್ತಿ. ಒತ್ತಿದ ತಕ್ಷಣ "ಹಾ... ಅಲ್ಲೇ" ಅನ್ನುತ್ತಾರೆ. ನೋವೂ ಹೌದು, ಹಿತವೂ ಹೌದು ಅನ್ನುವಂಥ ಒಂದು ಅನುಭವ. ನಮ್ಮ ಅತ್ತೆ ಮೊದಲ ದಿನ ಏನೂ ಹೇಳಲಿಲ್ಲ, ಕಣ್ಣು ಮುಚ್ಚಿದರು, ಹೆಗಲು ಎರಡು ಅಂಗುಲ ಕೆಳಗಿಳಿಯಿತು. ಅಷ್ಟು ಹೊತ್ತು ಅವರು ಹೆಗಲನ್ನು ಕಿವಿಯ ಹತ್ತಿರ ಎತ್ತಿ ಹಿಡಿದಿದ್ದರು ಅಂತ ನನಗೆ ಗೊತ್ತಾಗಿದ್ದೇ ಆಗ.

ಅಳತೆ ಒಂದು ಕೂದಲೆಳೆ ಅತ್ತಿತ್ತ ಆದರೆ ಹೆದರಬೇಡಿ. ಒತ್ತುವುದಕ್ಕೆ ಅಷ್ಟು ಕರಾರುವಾಕ್ಕು ಬೇಡ. ಸೂಜಿಗೆ ಬೇಕು, ಆ ವಿಷಯ ಮುಂದೆ ಹೇಳುತ್ತೇನೆ.

ಮೂರನೇ ಹೆಜ್ಜೆ: ಒತ್ತುವುದು

ಮೊದಲು ಬೆನ್ನು ಬೆಚ್ಚಗಾಗಲಿ. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಐದು ನಿಮಿಷ ಇಡಿ. ನಿಮ್ಮ ಕೈಯೂ ಬೆಚ್ಚಗಿರಲಿ, ಉಗುರು ಕತ್ತರಿಸಿರಿ, ಉಂಗುರ ಬಳೆ ತೆಗೆದಿಡಿ. ಸ್ವಲ್ಪ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಸಾಕು, ಜಾಸ್ತಿ ಹಾಕಿದರೆ ಬೆರಳು ಜಾರುತ್ತದೆ. ಊಟವಾಗಿ ಒಂದು ಗಂಟೆ ಕಳೆದಿರಲಿ.

ಅವರ ಉಸಿರು ನೋಡಿ. ಉಸಿರು ಬಿಡುವಾಗ ಹೆಬ್ಬೆರಳಿನ ಹೊಟ್ಟೆಯಿಂದ ನಿಧಾನವಾಗಿ ಒತ್ತಿ, ಒಳಗೆ ಎಳೆದುಕೊಳ್ಳುವಾಗ ಸಡಿಲಿಸಿ, ಆದರೆ ಬೆರಳು ಎತ್ತಬೇಡಿ. ಎಷ್ಟು ಬಲ? ಮಾವಿನಹಣ್ಣು ಹಣ್ಣಾಗಿದೆಯೇ ಅಂತ ಒತ್ತಿ ನೋಡುತ್ತೇವಲ್ಲ, ಅಷ್ಟರಿಂದ ಶುರು ಮಾಡಿ. ಅವರೇ ಇನ್ನೂ ಸ್ವಲ್ಪ ಅಂದರೆ ಮಾತ್ರ ಇನ್ನೂ ಸ್ವಲ್ಪ. ಹೀಗೆ ಎಂಟು ಹತ್ತು ಉಸಿರು. ಆಮೇಲೆ ಅದೇ ಜಾಗದಲ್ಲಿ ಚರ್ಮ ಅಲುಗುವಷ್ಟು ಸಣ್ಣ ಸುತ್ತು, ಒಂದು ನಿಮಿಷ. ಕೊನೆಗೆ ರೆಕ್ಕೆಯ ಅಂಚನ್ನು ಹಿಡಿದು ಮೇಲಿಂದ ಕೆಳಗೆ ಅಂಗೈಯಿಂದ ಸವರಿ. ಎಡ ಬಲ ಎರಡೂ ಕಡೆ ಸೇರಿ ಹತ್ತು ನಿಮಿಷ ದಾಟಬೇಡಿ. ದಿನಕ್ಕೆ ಒಂದು ಸಲ, ಮಲಗುವ ಮುಂಚೆ.

ನಿಮ್ಮ ಬೆರಳು ನೋಯುತ್ತಿದ್ದರೆ ನೀವು ಬೆರಳಿನ ಬಲದಲ್ಲಿ ಒತ್ತುತ್ತಿದ್ದೀರಿ ಅಂತ ಅರ್ಥ. ಮೊಣಕೈ ನೇರ ಮಾಡಿ, ಮೈಯನ್ನು ಸ್ವಲ್ಪ ಮುಂದಕ್ಕೆ ವಾಲಿಸಿ, ಮೈಭಾರ ತಾನಾಗಿ ಇಳಿಯಲಿ.

ವಯಸ್ಸಾದವರ ಪಕ್ಕೆಲುಬು ಸುಲಭವಾಗಿ ಮುರಿಯುವಷ್ಟು ದುರ್ಬಲವಾಗಿರುತ್ತದೆ, ಅದರಲ್ಲೂ ಮುಟ್ಟು ನಿಂತು ವರ್ಷಗಳಾದ ಹೆಂಗಸರಲ್ಲಿ. ಮೊಣಕೈ ಊರಿ ಒತ್ತುವುದು, ಮಕ್ಕಳನ್ನು ಬೆನ್ನ ಮೇಲೆ ಹತ್ತಿಸಿ ತುಳಿಸುವುದು ಬೇಡವೇ ಬೇಡ. ಹಿಂದೆ ನಮ್ಮ ಮನೆಯಲ್ಲೂ ಮೈಕೈ ನೋವಿಗೆ ಮಕ್ಕಳ ಕೈಲಿ ತುಳಿಸಿಕೊಳ್ಳುತ್ತಿದ್ದರು. ಗಟ್ಟಿಮೈಯ ಆಳಿಗೆ ಅದು ಸರಿಹೋದೀತು, ಸೊರಗಿದವರ ಪಕ್ಕೆಲುಬು ಮುರಿಯಬಹುದು.

ಯಾವಾಗ ಒತ್ತಲೇಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಜ್ವರ ಇದ್ದಾಗ, ಆ ಜಾಗದಲ್ಲಿ ಗಾಯ ಗುಳ್ಳೆ ಇದ್ದಾಗ, ಬೆನ್ನುಮೂಳೆಯಲ್ಲಿ ಮುರಿತ ಅಥವಾ ಗೆಡ್ಡೆ ಇದ್ದಾಗ, ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದ್ದಾಗ ಡಾಕ್ಟರನ್ನು ಕೇಳದೆ. ಬೆನ್ನಿನ ಒಂದೇ ಪಕ್ಕದಲ್ಲಿ ಉರಿಉರಿ ನೋವು, ಬಟ್ಟೆ ತಾಗಿದರೂ ಚುಚ್ಚುವ ಹಾಗೆ ಇದ್ದರೆ ಅದು ಸರ್ಪಸುತ್ತು ಇರಬಹುದು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ನೋವು ಬರುತ್ತದೆ. ಇನ್ನು, ರೆಕ್ಕೆಗಳ ನಡುವೆ ಇದ್ದಕ್ಕಿದ್ದ ಹಾಗೆ ನೋವು ಬಂದು ಜೊತೆಗೆ ಬೆವರು, ಉಬ್ಬಸ, ದವಡೆಗೋ ಎಡಗೈಗೋ ಹರಡುವ ಸೆಳೆತ ಇದ್ದರೆ ಎಣ್ಣೆ ಬಾಟಲಿ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ಎಷ್ಟೋ ಸಲ ಎದೆನೋವಾಗಿ ಬರುವುದಿಲ್ಲ, ಬೆನ್ನುನೋವಾಗಿ, ವಿಪರೀತ ಸುಸ್ತಾಗಿ ಬರುತ್ತದೆ.

ನಾಲ್ಕನೇ ಹೆಜ್ಜೆ: ಕಾಲಿಗೂ ಒಂದು ಒತ್ತು

ಬೆನ್ನು ಮುಗಿಸಿ ಹಾಗೇ ಬಿಡಬೇಡಿ. ಗಾವ್‌ಹ್ವಾಂಗ್‌ಗೆ ಶಾಖ ಕೊಟ್ಟ ಮೇಲೆ ಕಾಲಿನ ಬಿಂದುವಿಗೂ ಶಾಖ ಕೊಟ್ಟು, ಮೇಲೇರಿದ ಕಾವನ್ನು ಕೆಳಕ್ಕೆ ಇಳಿಸಬೇಕು ಅನ್ನುವುದು ಚೀನಾದ ಹಳೇ ರೂಢಿ. ಆ ಬಿಂದು ಸುಲಭ. ಮಂಡಿ ಚಿಪ್ಪಿನ ಕೆಳಗೆ ಹೊರಗಡೆ ಇರುವ ತಗ್ಗಿನಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಮೂಳೆಯ ಏಣಿನಿಂದ ಒಂದು ಬೆರಳು ಹೊರಕ್ಕೆ. ಹೆಸರು ಝೂಸಾನ್‌ಲಿ, ಎಸ್‌ಟಿ 36. ಪಾದ ಮೇಲಕ್ಕೆ ಎತ್ತಿದರೆ ಅಲ್ಲಿ ಸ್ನಾಯು ಉಬ್ಬುತ್ತದೆ. ಇದನ್ನು ಅವರೇ ಒತ್ತಿಕೊಳ್ಳಬಹುದು, ಎರಡು ನಿಮಿಷ. ನಮ್ಮ ಅತ್ತೆ ಟಿವಿ ನೋಡುತ್ತಾ ಇದನ್ನು ಮಾಡುತ್ತಿದ್ದರು.

ಶಾಖದ ವಿಷಯ

ಈ ಬಿಂದು ಹೆಸರು ಮಾಡಿದ್ದು ಸೂಜಿಯಿಂದಲ್ಲ, ಶಾಖದಿಂದ. ಮಾಕ್ಸಾ ಅಂತ ಕೇಳಿರಬಹುದು, ಒಣಗಿಸಿ ಕುಟ್ಟಿದ ಎಲೆಯ ಹತ್ತಿಯಂಥ ಪುಡಿಯನ್ನು ಉರಿಸಿ ಕಾವು ಕೊಡುವುದು. ಆ ಗಿಡ ನಮಗೆ ಅಪರಿಚಿತ ಅಲ್ಲ. ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಪತ್ರೆಯಲ್ಲಿ ಮಾಚಿಪತ್ರೆ ತರುತ್ತೇವಲ್ಲ, ಅದರ ಕುಲದ್ದೇ. ಹೂವಿನ ಜೊತೆ ಕಟ್ಟುವ ದವನವೂ ಅದೇ ಕುಲ. ಕೈಯಲ್ಲಿ ಉಜ್ಜಿ ಮೂಸಿದರೆ ನಂಟು ಗೊತ್ತಾಗುತ್ತದೆ.

1127ರಲ್ಲಿ ಉತ್ತರ ಚೀನಾದ ಮೇಲೆ ದಾಳಿಯಾದಾಗ ಝುವಾಂಗ್ ಚುವೊ ಅನ್ನುವ ಅಧಿಕಾರಿ ಊರು ಬಿಟ್ಟು ಓಡಿದ. ದಾರಿಯಲ್ಲಿ ಚಳಿಜ್ವರ ಹಿಡಿಯಿತು. ವೈದ್ಯರ ತಪ್ಪು ಚಿಕಿತ್ಸೆಯಿಂದ ಇನ್ನೂ ಸೊರಗಿದ. ಮರುವರ್ಷದ ವಸಂತ ಮುಗಿಯುವ ಹೊತ್ತಿಗೆ ಮೈ ಊದಿ, ಹೊಟ್ಟೆ ಉಬ್ಬಿ, ಊಟ ಸೇರದೆ, ಕೋಲು ಹಿಡಿದರೇ ಏಳುವುದು ಅನ್ನುವ ಹಾಗಾಗಿತ್ತು. ಆಗ ಯಾರದೋ ಮನೆತನದಲ್ಲಿ ನಡೆದುಬಂದ ವಿಧಾನ ಸಿಕ್ಕಿತು. ಏಳು ದಿನದಲ್ಲಿ ಗಾವ್‌ಹ್ವಾಂಗ್ ಮೇಲೆ ಮುನ್ನೂರು ಮಾಕ್ಸಾ ಉಂಡೆ ಉರಿಸಿದರು. ಮೊದಲ ದಿನದ ಮರುದಿನವೇ ಎದೆ ಹಗುರಾಯಿತು, ಊಟ ಸೇರಿತು, ಏಳು ದಿನ ಕಳೆದ ಮೇಲೆ ಪಲ್ಲಕ್ಕಿಯಲ್ಲಿ ಕೂತು ಹೊರಗೆ ಹೋಗಿಬಂದೆ ಅಂತ ಅವನೇ ಬರೆದಿಟ್ಟಿದ್ದಾನೆ. ಅಷ್ಟಕ್ಕೇ ಬಿಡದೆ, ಬೇರೆಯವರು ಬಿಂದು ತಪ್ಪಬಾರದು ಅಂತ ಈ ಒಂದೇ ಬಿಂದುವಿನ ಮೇಲೆ 1128ರಲ್ಲಿ ಚಿತ್ರ ಸಹಿತ ಒಂದು ಪುಸ್ತಕ ಬರೆದ. ಹೇಗೆ ಕೂರಬೇಕು, ಹೇಗೆ ಮಲಗಬೇಕು ಅಂತ ಎಲ್ಲಾ. ಒಬ್ಬ ರೋಗಿ ಇನ್ನೊಬ್ಬ ರೋಗಿಗಾಗಿ ಪಟ್ಟ ಶ್ರಮ ಅದು. ಒಬ್ಬನ ಅನುಭವ ಎಲ್ಲರಿಗೂ ಪುರಾವೆ ಆಗುವುದಿಲ್ಲ, ಅದು ನನಗೂ ಗೊತ್ತು. ಆದರೂ ಓದಿದಾಗ ಮನಸ್ಸು ಕರಗುತ್ತದೆ.

ಹಾಗಂತ ಮನೆಯಲ್ಲಿ ನೀವು ಬೆನ್ನ ಮೇಲೆ ಏನನ್ನೂ ಉರಿಸಬೇಡಿ. ಹಳೇ ಕಾಲದಲ್ಲಿ ಚರ್ಮ ಸುಟ್ಟು ಬೊಬ್ಬೆ ಏಳುವ ಹಾಗೆ ಮಾಡುತ್ತಿದ್ದರು, ಈಗ ತರಬೇತಾದವರು ಮಾಕ್ಸಾ ಕಡ್ಡಿಯನ್ನು ಚರ್ಮದಿಂದ ಒಂದು ಅಂಗುಲ ಮೇಲೆ ಹಿಡಿದು ಜಾಗ ನಸುಗೆಂಪಾಗುವವರೆಗೆ ಮಾತ್ರ ಕಾಯಿಸುತ್ತಾರೆ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಉಬ್ಬಸ ಇರುವವರಿಗೆ ಹೊಗೆ ಆಗದು. ಮನೆಗೆ ಬಿಸಿನೀರಿನ ಚೀಲವೇ ಸಾಕು, ಟವೆಲ್ ಸುತ್ತಿ, ಹತ್ತು ನಿಮಿಷ. ಅದೂ ಅವರು ಎಚ್ಚರ ಇರುವಾಗ. ಚೀಲದ ಮೇಲೆ ಮಲಗಿ ನಿದ್ದೆ ಹೋಗಿ ಬೆನ್ನು ಬೊಕ್ಕೆ ಬಂದವರನ್ನು ನೋಡಿದ್ದೇನೆ.

ಸೂಜಿ ಹಾಕಿಸಿಕೊಳ್ಳಬೇಕು ಅಂತಿದ್ದರೆ

ಈ ಬಿಂದುವಿನ ಕೆಳಗೆ ಏನಿದೆ ಅಂತ ಮೊದಲು ತಿಳಿಯಿರಿ. ಚರ್ಮ, ಎರಡು ಪದರ ಸ್ನಾಯು, ಪಕ್ಕೆಲುಬುಗಳ ನಡುವಿನ ತೆಳು ಸ್ನಾಯು, ಅದರ ಹಿಂದೆಯೇ ಶ್ವಾಸಕೋಶ. ತೆಳ್ಳಗಿನವರಲ್ಲಿ ಚರ್ಮದಿಂದ ಶ್ವಾಸಕೋಶದ ಪೊರೆಗೆ ಒಂದೆರಡು ಸೆಂಟಿಮೀಟರ್ ಅಷ್ಟೇ ದೂರ. ಈ ಬಿಂದು ಯಾರಿಗೆ ಬೇಕಾಗುವುದು? ಸೊರಗಿ ಎಲುಬು ಎದ್ದವರಿಗೇ. ಅಂದರೆ ಯಾರಿಗೆ ಅಗತ್ಯ ಜಾಸ್ತಿಯೋ ಅವರಿಗೇ ಅಪಾಯವೂ ಜಾಸ್ತಿ. ನೇರವಾಗಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬಿದ್ದು, ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಮುದುಡಬಹುದು. ಅದಕ್ಕೇ ಇಲ್ಲಿ ಸೂಜಿ ಓರೆಯಾಗಿ, ಅರ್ಧದಿಂದ ಮುಕ್ಕಾಲು ತ್ಸುನ್ ಆಸುಪಾಸು ಮಾತ್ರ ಹಾಕಬೇಕು ಅನ್ನುವ ನಿಯಮ. ಆನ್‌ಲೈನಲ್ಲಿ ಸೂಜಿ ಪ್ಯಾಕೆಟ್ ತರಿಸಿ ವಿಡಿಯೋ ನೋಡಿ ಚುಚ್ಚುವವರು ಇದ್ದಾರೆ ಅಂತ ಕೇಳಿ ನನಗೆ ಜೀವ ಹಾರಿಹೋಯಿತು.

ಯಾರ ಹತ್ತಿರ ಹೋಗಬೇಕು? ಕರ್ನಾಟಕದಲ್ಲಿ ನಮಗೊಂದು ಅನುಕೂಲ ಇದೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ, ಅಂದರೆ ಬಿಎನ್‌ವೈಎಸ್, ಓದುವವರಿಗೆ ಆಕ್ಯುಪಂಕ್ಚರ್ ಕೂಡ ಪಾಠವಾಗಿ ಇರುತ್ತದೆ. ಉಜಿರೆಯಲ್ಲಿ ಈ ಪದವಿಯ ಕಾಲೇಜು ಇದೆ, ಬೇರೆ ಕಡೆಯೂ ಇವೆ. ದೇಹದ ಒಳರಚನೆ ಓದಿ ನೋಂದಣಿ ಆದವರ ಹತ್ತಿರವೇ ಹೋಗಿ. ಹೋದ ಮೇಲೆ ಗಮನಿಸಿ: ನಿಮ್ಮ ಕಾಯಿಲೆಯ ಇತಿಹಾಸ ಕೇಳಿದರೇ, ಉಬ್ಬಸ ಕ್ಷಯ ರಕ್ತ ತೆಳುವಾಗಿಸುವ ಮಾತ್ರೆ ಬಗ್ಗೆ ವಿಚಾರಿಸಿದರೇ, ಸೂಜಿಯ ಪ್ಯಾಕೆಟ್ ನಿಮ್ಮ ಎದುರೇ ಒಡೆದರೇ. ಒಂದು ಕಡೆ ನಮ್ಮ ಅತ್ತೆಯನ್ನು ಕೂರಿಸಿದ ತಕ್ಷಣ ಒಂದೂ ಪ್ರಶ್ನೆ ಕೇಳದೆ ಸೂಜಿ ಕೈಗೆತ್ತಿಕೊಂಡರು. ನಾನು, ಓರೆಯಾಗಿ ಹಾಕುತ್ತೀರಲ್ವಾ ಅಂತ ಕೇಳಿದೆ. ನಿಮಗ್ಯಾಕೆ ಅದೆಲ್ಲ ಅಂದರು. ಅತ್ತೆ ಸೆರಗು ಸರಿಮಾಡಿಕೊಂಡು, "ನಡಿಯಮ್ಮ, ಮನೆಗೆ ಹೋಗೋಣ" ಅಂತ ಎದ್ದೇಬಿಟ್ಟರು.

ಸೂಜಿ ಒಳಗಿರುವಾಗ ಕೆಮ್ಮು ಬಂದರೆ, ಮಗ್ಗುಲು ಬದಲಿಸಬೇಕು ಅನ್ನಿಸಿದರೆ ಮೊದಲು ಹೇಳಿ, ಸುಮ್ನೆ ಅಲುಗಾಡಬೇಡಿ. ಮನೆಗೆ ಬಂದ ಮೇಲೆ, ಕೆಲವು ಗಂಟೆ ಕಳೆದ ಮೇಲೂ ಸಹ, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದ ಹಾಗಾದರೆ, ಮೇಲುಸಿರು ಬಂದರೆ, ಒಣಕೆಮ್ಮು ಶುರುವಾದರೆ ಅದೇ ಸೂಜಿಯವರಿಗೆ ಫೋನ್ ಮಾಡಿಕೊಂಡು ಕೂರದೆ ನೇರ ಆಸ್ಪತ್ರೆಗೆ ಹೋಗಿ. ಬೆನ್ನಿಗೆ ಸೂಜಿ ಹಾಕಿಸಿದ್ದೇವೆ ಅಂತ ಅಲ್ಲಿ ಮರೆಯದೆ ಹೇಳಿ, ಅವರು ಎಕ್ಸ್‌ರೇ ತೆಗೆಸುತ್ತಾರೆ.

ಎಷ್ಟು ದಿನ ಮಾಡಬೇಕು

ನಾನು ಆರು ವಾರ ಮಾಡಿದೆ, ವಾರಕ್ಕೆ ಐದು ದಿನ. ಒಂದು ಹಳೇ ಡೈರಿಯಲ್ಲಿ ಮೂರೇ ವಿಷಯ ಬರೆಯುತ್ತಿದ್ದೆ: ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಮಹಡಿ ಮೆಟ್ಟಿಲು ಎಷ್ಟು ನಿಲ್ಲದೆ ಹತ್ತಿದರು, ಮಧ್ಯಾಹ್ನ ಮಲಗಿದರೇ ಇಲ್ಲವೇ. ನೀವೂ ಹೀಗೇ ಬರೆದಿಡಿ. ಹೇಗಿದ್ದೀರಿ ಅಂತ ಕೇಳಿದರೆ ಹಿರಿಯರು ಪರವಾಗಿಲ್ಲ ಅಂತಲೇ ಹೇಳುತ್ತಾರೆ, ಮೆಟ್ಟಿಲ ಲೆಕ್ಕ ಸುಳ್ಳು ಹೇಳುವುದಿಲ್ಲ. ಮೂರು ವಾರದಲ್ಲಿ ಏನೂ ಬದಲಾಗದಿದ್ದರೆ, ಅಥವಾ ತೂಕ ಇಳಿಯುತ್ತಲೇ ಇದ್ದರೆ, ಡೈರಿ ತೆಗೆದುಕೊಂಡು ಡಾಕ್ಟರ ಹತ್ತಿರ ಮತ್ತೆ ಹೋಗಿ.

ಒಂಟಿಯಾಗಿರುವವರು ಏನು ಮಾಡಬೇಕು? ಈ ಪ್ರಶ್ನೆ ಬೆಂಗಳೂರಲ್ಲಿ ರೂಮು ಮಾಡಿಕೊಂಡಿರುವ ನನ್ನ ತಂಗಿಯೇ ಕೇಳಿದಳು. ಟೆನಿಸ್ ಚೆಂಡನ್ನು ಕಾಲುಚೀಲದೊಳಗೆ ಹಾಕಿ, ಚೀಲದ ತುದಿಯನ್ನು ಹೆಗಲ ಮೇಲಿಂದ ಮುಂದಕ್ಕೆ ಹಿಡಿದು, ಚೆಂಡು ರೆಕ್ಕೆಯ ಒಳ ಅಂಚಿಗೆ ಬರುವ ಹಾಗೆ ಗೋಡೆಗೆ ಒರಗಿ ನಿಲ್ಲಿ. ಮಂಡಿ ಸ್ವಲ್ಪ ಬಗ್ಗಿಸಿ ಮೇಲೆ ಕೆಳಗೆ ಆಡಿದರೆ ಚೆಂಡೇ ಒತ್ತುತ್ತದೆ. ಬೆನ್ನುಮೂಳೆಯ ಮೇಲೆ ಮಾತ್ರ ಚೆಂಡು ಹತ್ತಬಾರದು. ನೆಲದ ಮೇಲೆ ಮಲಗಿ ಮಾಡಬೇಡಿ, ಭಾರ ಜಾಸ್ತಿ ಬೀಳುತ್ತದೆ. ಚೆಂಡಿಲ್ಲದಿದ್ದರೆ ಎರಡೂ ಕೈಬೆರಳು ಹೆಗಲ ಮೇಲಿಟ್ಟು ಮೊಣಕೈಯಿಂದ ದೊಡ್ಡ ಸುತ್ತು ಬಿಡಿಸಿ, ಹಿಂದಕ್ಕೆ ಹದಿನೈದು, ಮುಂದಕ್ಕೆ ಹದಿನೈದು. ರೆಕ್ಕೆ ಮೂಳೆ ಜಾರುವಾಗ ಒಳಗಿನಿಂದಲೇ ಆ ಜಾಗ ಉಜ್ಜಿದ ಹಾಗಾಗುತ್ತದೆ. ತಂಗಿ ಆಫೀಸಿನಲ್ಲಿ ಎರಡು ಗಂಟೆಗೊಮ್ಮೆ ಇದನ್ನು ಮಾಡುತ್ತಾಳೆ. ಊರಿಗೆ ಬಂದಾಗ ಮಾತ್ರ ಬ್ಯಾಗು ಇಳಿಸಿದವಳೇ ಕುರ್ಚಿ ತಿರುಗಿಸಿಕೊಂಡು ಕೂತು, ತನ್ನನ್ನು ತಾನೇ ತಬ್ಬಿಕೊಂಡು, "ಅಕ್ಕಾ, ಬಾರೇ" ಅಂತ ಕೂಗುತ್ತಾಳೆ.